ಕಾಡಿನ ಸರ್ವೆಗೆ ದಾರಿ ಗುರುತಿಸಲು ಯಾವ ಚಿತ್ರ, ಯಾವ ನಕ್ಷೆ?

ಮಳೆ ಬಿಟ್ಟು, ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಅರಣ್ಯಶಾಸ್ತ್ರ ಓದುವ ಹುಡುಗಿಯೊಬ್ಬಳು ಕೇಳುತ್ತಾಳೆ: "ಅಘನಾಶಿನಿ ಕಣಿವೆಯಲ್ಲಿ ಮರಗಿಡ ಅಳೆಯಲು ಇಪ್ಪತ್ತು ಪ್ಲಾಟ್ ಹಾಕಬೇಕು. ಗೂಗಲ್ ಅರ್ಥ್ ನೋಡಿಕೊಂಡು ಹೋದರೆ ಸಾಕಾ?" ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯವರು ಕೇಳುತ್ತಾರೆ: "ಹೊಳೆ ಪಕ್ಕದ ಅಪ್ಪೆಮಿಡಿ ಮರ ಎಣಿಸಬೇಕು. ಡ್ರೋನ್ ಬಾಡಿಗೆಗೆ ತರೋಣ್ವಾ?" ಪೈಪ್‌ಲೈನ್ ಸರ್ವೆಯ ಕೆಲಸ ಹಿಡಿದವರ ಪ್ರಶ್ನೆ ಇನ್ನೂ ದೊಡ್ಡದು: "ಮೇಲಿನಿಂದ ಲೇಸರ್ ಬಿಟ್ಟು ನೆಲ ಅಳೆಯುವ ಲೈಡಾರ್ ಮಾಡಿಸಿದರೆ ಹಾಕಿದ ದುಡ್ಡಿಗೆ ಬೆಲೆ ಸಿಗುತ್ತದಾ?"

ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಒಂದು ಮಾತನ್ನು ಮೂವರಿಗೂ ಮೊದಲೇ ಹೇಳುತ್ತೇನೆ. ನಮ್ಮ ಉತ್ತರ ಕನ್ನಡದ ಕಾಡಿನಲ್ಲಿ ಮೇಲಿನಿಂದ ತೆಗೆದ ಚಿತ್ರದಲ್ಲಿ ದಾರಿ ಹುಡುಕಬೇಡಿ. ಹೋಗಬಾರದ ಜಾಗ ಹುಡುಕಿ. ದಾರಿ ಎಲೆಯ ಕೆಳಗಿರುತ್ತದೆ, ಕಾಣುವುದಿಲ್ಲ. ಅಪಾಯದ ಗುರುತು ಮಾತ್ರ ಬೇಕಾದಷ್ಟು ಕಾಣುತ್ತದೆ, ನೋಡಲು ಗೊತ್ತಿದ್ದರೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಕೆಲವು ವರ್ಷಗಳ ಹಿಂದೆ ಶಿರಸಿ ಕಡೆಯಿಂದ ಅಘನಾಶಿನಿ ಕಣಿವೆಗೆ ಇಳಿಯಲು ಒಂದು ದಾರಿ ಗೆರೆ ಎಳೆದಿದ್ದೆ. ಕಂಪ್ಯೂಟರಿನ ಲೆಕ್ಕದಲ್ಲಿ ಇಳಿಜಾರು 25 ಡಿಗ್ರಿ ಒಳಗೇ ಇತ್ತು. ನಾಲ್ಕು ಜನ ಹೊರಟೆವು. ಅರ್ಧ ಇಳಿದ ಮೇಲೆ ಕಾಲ ಕೆಳಗೆ ಬಂಡೆಯ ಕಡಿತ. ತೆಂಗಿನ ಮರದಷ್ಟು ಆಳ. ಎಡಕ್ಕೂ ಬಲಕ್ಕೂ ಅದೇ. ವಾಪಸ್ ಹತ್ತುವಷ್ಟರಲ್ಲಿ ಕತ್ತಲಾಯಿತು. ಕೊನೆಗೆ ಕರೆ ಒಕ್ಕಲಿಗ ಸಮುದಾಯದ ಒಬ್ಬ ಅಜ್ಜ ಸೂಡಿ ಹಿಡಿದು ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. "ತಮಾ, ಈ ಬದಿಗೆ ದನವೂ ಇಳಿಯುವುದಿಲ್ಲ" ಎಂದರು. ಆ ಮಾತು ನಕ್ಷೆಯಲ್ಲಿ ಇರಲಿಲ್ಲ. ಆ ಬಂಡೆ ಯಾಕೆ ನಕ್ಷೆಯಲ್ಲಿ ಇರಲಿಲ್ಲ ಎನ್ನುವುದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಇವತ್ತಿಗೂ ಬಹಳ ಜನ ಅದೇ ತಪ್ಪು ಮಾಡುತ್ತಿದ್ದಾರೆ.

ಯಾವುದರಿಂದ ತೂಗಬೇಕು

ಚಿತ್ರ ಎಷ್ಟು ಸ್ಪಷ್ಟ ಎಂದು ಕೇಳುವುದನ್ನು ಸ್ವಲ್ಪ ಬದಿಗಿಡಿ. ನಾನು ಮೊದಲು ಕೇಳುವುದು, ಇದು ಎಲೆಯ ಕೆಳಗಿನ ನೆಲವನ್ನು ನೋಡುತ್ತದಾ, ಇಲ್ಲಾ ಮರದ ನೆತ್ತಿಯನ್ನು ಮಾತ್ರ ನೋಡುತ್ತದಾ ಎಂದು. ಎರಡನೆಯದು, ಇದು ಕೊಡುವ ಇಳಿಜಾರನ್ನು ಎಷ್ಟು ನಂಬಬಹುದು. ಮೂರನೆಯದು, ಎಷ್ಟು ಹೊಸದು. ಹೋದ ಮಳೆಗಾಲದಲ್ಲಿ ಗುಡ್ಡ ಕುಸಿದಿದ್ದರೆ, ಅದಕ್ಕಿಂತ ಹಿಂದಿನ ಚಿತ್ರ ನಿಮ್ಮನ್ನು ಸೀದಾ ಕುಸಿತದ ಮೇಲೆ ತಂದು ನಿಲ್ಲಿಸುತ್ತದೆ. ನಾಲ್ಕನೆಯದು ನೀರು. ಹಳ್ಳ ಎಲ್ಲಿ, ಜಡ್ಡಿ (ಕಾಡಿನ ಕೆಸರು ಜಾಗ) ಎಲ್ಲಿ, ದಾಟುವ ಜಾಗ ಎಲ್ಲಿ. ದುಡ್ಡು, ಅನುಮತಿ, ಕಲಿಯಲು ಬೇಕಾದ ಸಮಯ, ಇವೆಲ್ಲ ಇದಾದ ಮೇಲೆ.

ಇನ್ನೊಂದು ವಿಷಯ. ಉತ್ತರ ಕನ್ನಡ ಒಂದೇ ಥರದ ಕಾಡಲ್ಲ. ಘಟ್ಟದ ಅಂಚಿನ ಕಾನು ವರ್ಷವಿಡೀ ಹಸಿರು, ಬಿಸಿಲು ನೆಲಕ್ಕೆ ಬೀಳುವುದೇ ಅಪರೂಪ. ಹಳಿಯಾಳ, ಮುಂಡಗೋಡ ಕಡೆ ಹೋದರೆ ತೇಗ, ಮತ್ತಿ, ಹೊನ್ನೆ. ಅವು ಬೇಸಿಗೆ ಬರುವಷ್ಟರಲ್ಲಿ ಎಲೆ ಉದುರಿಸುತ್ತವೆ. ಹೊನ್ನಾವರ, ಕುಮಟಾ, ಅಂಕೋಲಾ ಕಡೆ ಜಂಬಿಟ್ಟಿಗೆ ಗುಡ್ಡ, ಕುರುಚಲು, ಗೇರು, ಅಕೇಶಿಯಾ ನೆಡುತೋಪು. ಒಂದು ಕಡೆ ಚೆನ್ನಾಗಿ ಕೆಲಸ ಮಾಡಿದ ಚಿತ್ರ ಇನ್ನೊಂದು ಕಡೆ ಏನೂ ಹೇಳುವುದಿಲ್ಲ. ಆದ್ದರಿಂದ "ಯಾವುದು ಒಳ್ಳೇದು" ಎಂದು ಕೇಳುವ ಮೊದಲು ನಿಮ್ಮದು ಯಾವ ಕಾಡು ಎಂದು ಹೇಳಿಕೊಳ್ಳಿ.

ಹಳೆಯ ಟೊಪೊಶೀಟ್

ಇದು ಉಪಗ್ರಹ ಚಿತ್ರವಲ್ಲ ನಿಜ, ಎತ್ತರದ ಗೆರೆ ಎಳೆದ ನೆಲದ ನಕ್ಷೆ. ಆದರೆ ನನ್ನ ಪ್ರಕಾರ ಶುರು ಮಾಡಬೇಕಾದದ್ದು ಇಲ್ಲಿಂದಲೇ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಓಪನ್ ಸೀರೀಸ್ ನಕ್ಷೆಗಳನ್ನು ಅವರ ಜಾಲತಾಣದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಹಳ್ಳದ ಹೆಸರಿರುತ್ತದೆ, ಬಂಡಿದಾರಿ ಇರುತ್ತದೆ, ಗುಡಿ ಇರುತ್ತದೆ, ಮಜರೆಯ ಹೆಸರಿರುತ್ತದೆ. ಊರವರ ಹತ್ತಿರ ದಾರಿ ಕೇಳಲು ಈ ಹೆಸರುಗಳು ಬೇಕೇ ಬೇಕು. ಅಕ್ಷಾಂಶ ರೇಖಾಂಶ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ಕೊರತೆ ಎರಡು. ಎತ್ತರದ ಗೆರೆಗಳು 20 ಮೀಟರಿಗೆ ಒಂದರಂತೆ ಇರುತ್ತವೆ. ಎರಡು ಗೆರೆಗಳ ನಡುವೆ ಹದಿನೈದು ಮೀಟರಿನ ಬಂಡೆ ಇದ್ದರೂ ನಕ್ಷೆಗೆ ಅದು ಇಲ್ಲವೆಂದೇ ಲೆಕ್ಕ. ಇನ್ನು ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ಅಚ್ಚಾಗಿರುತ್ತದೆ, ಅದನ್ನು ನೋಡದೆ ನಂಬಬೇಡಿ. ಆಗಿದ್ದ ಬಂಡಿದಾರಿಯಲ್ಲಿ ಈಗ ವಾಟೆ, ಬೆತ್ತ ಬೆಳೆದು ಮುಚ್ಚಿರಬಹುದು.

ಇದರ ಜೊತೆಗೇ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇಟ್ಟುಕೊಳ್ಳಿ. ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರ ಮಾಡಿದ್ದು. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಶಿರಸಿ, ಸಿದ್ದಾಪುರ ಕಡೆ ಕಾಡಿನ ಹಾಗೆ ಕಾಣುವ ಜಾಗ ಯಾರದೋ ಅಡಿಕೆ ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ ಆಗಿರಬಹುದು. ಉಣಗೋಲು (ಬೇಲಿಯ ಗೇಟು) ದಾಟುವ ಮೊದಲು ಆ ಮನೆಯವರನ್ನು ಕೇಳುವುದು ಮರ್ಯಾದೆ. ಅದರಿಂದ ಲಾಭವೂ ಇದೆ. ಹಂದಿಗೆಂದು ಕರೆಂಟ್ ಬೇಲಿ ಎಲ್ಲಿ ಹಾಕಿದ್ದಾರೆ ಎಂದು ಅವರೇ ಹೇಳುತ್ತಾರೆ.

ಗೂಗಲ್ ಅರ್ಥ್

ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತ. ಚಿತ್ರ ಸ್ಪಷ್ಟ, ಕಲಿಯುವುದು ಸುಲಭ. ಇದರ ನಿಜವಾದ ಬೆಲೆ ಇರುವುದು ಹಳೆಯ ಚಿತ್ರಗಳ ಪಟ್ಟಿಯಲ್ಲಿ. ಒಂದೇ ಜಾಗದ ಹತ್ತು ಹದಿನೈದು ವರ್ಷದ ಚಿತ್ರಗಳನ್ನು ಹಿಂದೆ ಮುಂದೆ ಸರಿಸಿ ನೋಡಬಹುದು. ಈಗ ಮುಚ್ಚಿಹೋದ ಕೂಪು ರಸ್ತೆ (ಕಡಿದ ಮರ ಸಾಗಿಸಲು ಮಾಡಿದ್ದು) ಹಳೆಯ ಚಿತ್ರದಲ್ಲಿ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಆ ರಸ್ತೆಯನ್ನು ಲಾರಿ ಹತ್ತಲಿ ಎಂದು ಮಾಡಿದ್ದು. ಆದ್ದರಿಂದ ಅದರ ಏರು ಹದವಾಗಿರುತ್ತದೆ. ಗಿಡ ಬೆಳೆದಿದ್ದರೂ ನಡೆಯಲು ಅದೇ ಸುರಕ್ಷಿತ. ನಾನು ಗೆರೆ ಎಳೆಯುವಾಗ ಮೊದಲು ಹುಡುಕುವುದು ಇವನ್ನೇ.

ಇನ್ನೊಂದು ಉಪಯೋಗ ಕಡಿಮೆ ಜನಕ್ಕೆ ಗೊತ್ತು. ಚಿತ್ರವನ್ನು ಓರೆ ಮಾಡಿ ನೋಡುವಾಗ ಕೆಲವು ಕಡೆ ಮರಗಳು ಎಳೆದ ಹಾಗೆ, ಗೆರೆ ಗೆರೆಯಾಗಿ ಕಾಣುತ್ತವೆ. ಮೇಲಿನಿಂದ ತೆಗೆದ ಚಿತ್ರವನ್ನು ತೀರಾ ಕಡಿದಾದ ಮೈಗೆ ಹೊದಿಸಿದಾಗ ಹೀಗಾಗುತ್ತದೆ. ಅಲ್ಲಿಗೆ ಕೆಂಪು ಗುರುತು ಹಾಕಿಬಿಡಿ. ಆದರೆ ಹಾಗೆ ಕಾಣದ ಕಡೆ ಬಂಡೆ ಇಲ್ಲ ಎಂದುಕೊಳ್ಳಬೇಡಿ.

ಚಿತ್ರ ತೆಗೆದ ತಾರೀಖು ಕೆಳಗೆ ಇರುತ್ತದೆ. ಪಕ್ಕಪಕ್ಕದ ತುಂಡುಗಳು ಬೇರೆ ಬೇರೆ ವರ್ಷದವು ಆಗಿರುವುದುಂಟು. ಚಿತ್ರ ಕೆಲವು ಮೀಟರ್ ಸರಿದಿರುವುದೂ ಉಂಟು. ಗೊತ್ತಿರುವ ಒಂದು ಕೂಡುರಸ್ತೆಯಲ್ಲಿ ನಿಂತು ಜಿಪಿಎಸ್ ಜೊತೆ ಹೋಲಿಸಿ ನೋಡಿದರೆ ಎಷ್ಟು ಎಂದು ಗೊತ್ತಾಗುತ್ತದೆ.

ಸೆಂಟಿನೆಲ್-2 ಮತ್ತು ಲಿಸ್-4

ಗೂಗಲ್ ಚಿತ್ರ ಸ್ಪಷ್ಟ ಆದರೆ ಹಳೆಯದು. ಯುರೋಪಿನ ಸೆಂಟಿನೆಲ್-2 ಮಸುಕು ಆದರೆ ಹೊಸದು. ಚಿತ್ರದ ಒಂದು ಚೌಕ ಎಂದರೆ ನೆಲದ ಮೇಲೆ 10 ಮೀಟರ್. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ. ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಕಾಲುದಾರಿ ಇದರಲ್ಲಿ ಕಾಣುವ ಮಾತೇ ಇಲ್ಲ. ಆದರೆ ಮೂರು ಕೆಲಸಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಮೊದಲನೆಯದು ಕುಸಿತ. ಮೇ ತಿಂಗಳಿನ ಒಂದು ಚಿತ್ರ, ನವೆಂಬರಿನ ಒಂದು ಚಿತ್ರ ಪಕ್ಕದಲ್ಲಿಟ್ಟು ನೋಡಿ. ಹಸಿರಿನ ನಡುವೆ ಹೊಸದಾಗಿ ಬೋಳಾದ ಗೀರು ಇದ್ದರೆ ಅದು ಕುಸಿತ ಆಗಿರುವ ಸಾಧ್ಯತೆ ಜಾಸ್ತಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು ನಮಗೆಲ್ಲ ನೆನಪಿದೆ. ಒಮ್ಮೆ ಜಾರಿದ ಮಣ್ಣು ಮುಂದಿನ ಮಳೆಗಾಲದವರೆಗೂ ಸಡಿಲವಾಗಿಯೇ ಇರುತ್ತದೆ. ಅದರ ಮೇಲೂ ಬೇಡ, ಕೆಳಗೂ ಬೇಡ.

ಎರಡನೆಯದು ನೀರು. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಪೂರ್ವ ಭಾಗದಲ್ಲಿ ಮಾರ್ಚ್ ಚಿತ್ರ ತೆಗೆದು ನೋಡಿ. ಎಲ್ಲಾ ಕಂದು ಬಣ್ಣಕ್ಕೆ ತಿರುಗಿರುವಾಗ ಹಳ್ಳದ ಗುಂಟ ಹಸಿರು ಪಟ್ಟಿ ಉಳಿದಿರುತ್ತದೆ. ಆ ಪಟ್ಟಿಯೇ ನೀರಿನ ನಕ್ಷೆ. ಅಲ್ಲೇ ಕಾಡುಕೋಣವೂ ಆನೆಯೂ ಕರಡಿಯೂ ಬರುವುದು. ಬೆಳಗ್ಗೆ ಮತ್ತು ಸಂಜೆ ಆ ಪಟ್ಟಿಯ ಗುಂಟ ನಡೆಯದ ಹಾಗೆ ದಾರಿ ಹಾಕಿ, ಅಡ್ಡ ದಾಟುವುದಿದ್ದರೆ ನಡುಹೊತ್ತಿಗೆ ದಾಟಿ. ಕಾನಿನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಎಲ್ಲವೂ ಹಸಿರು.

ಮೂರನೆಯದು ಬೆಂಕಿ ಬಿದ್ದು ಸುಟ್ಟ ಜಾಗ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊರಡುವವರು ಹಿಂದಿನ ದಿನ ನಾಸಾದ ಫರ್ಮ್ಸ್ ನಕ್ಷೆಯನ್ನೂ ಒಮ್ಮೆ ನೋಡಿ. ಬೆಂಕಿ ಬಿದ್ದ ಜಾಗ ಕೆಲವೇ ಗಂಟೆಗಳಲ್ಲಿ ಅಲ್ಲಿ ಚುಕ್ಕಿಯಾಗಿ ಕಾಣುತ್ತದೆ.

ನಮ್ಮದೇ ಲಿಸ್-4 ಕ್ಯಾಮೆರಾದ ಚಿತ್ರದಲ್ಲಿ ಒಂದು ಚೌಕ 5.8 ಮೀಟರ್. ಇಸ್ರೊದ ಭೂನಿಧಿ ತಾಣದಲ್ಲಿ ಹೆಸರು ನೋಂದಾಯಿಸಿದರೆ ಸಿಗುತ್ತದೆ. ಸೆಂಟಿನೆಲ್‌ಗಿಂತ ಚೂಪು. ಆದರೆ ಅಷ್ಟು ಬೇಗ ಬೇಗ ಸಿಗುವುದಿಲ್ಲ, ಇಳಿಸಿಕೊಂಡು ನಕ್ಷೆಯ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ತೆರೆಯುವುದೂ ಗೊತ್ತಿರಬೇಕು. ಸಣ್ಣ ಬೇಣ (ಹುಲ್ಲಿನ ಜಾಗ), ತೋಟದ ಅಂಚು ಗುರುತಿಸಲು ನಾನು ಇದನ್ನು ಬಳಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವೆರಡರಲ್ಲೂ ಕಾಣುವುದು ಮೋಡ ಮಾತ್ರ.

ಎತ್ತರದ ನಕ್ಷೆಗಳು: ಇಲ್ಲಿಯೇ ಮೋಸ ಹೋಗುವುದು

ಕಂಪ್ಯೂಟರಿನಲ್ಲಿ ಇಳಿಜಾರು ಲೆಕ್ಕ ಹಾಕಲು ಎತ್ತರದ ನಕ್ಷೆ ಬೇಕು. ಡಿಇಎಂ ಎನ್ನುತ್ತಾರಲ್ಲ, ಅದು. ಉಚಿತವಾಗಿ ಸಿಗುವುದು ಮುಖ್ಯವಾಗಿ ಮೂರು. 2000ದ ಫೆಬ್ರುವರಿಯಲ್ಲಿ ಹನ್ನೊಂದು ದಿನ ಹಾರಿದ ಅಮೆರಿಕದ ಶಟಲ್ ರೇಡಾರಿನಿಂದ ಬಂದ ಎಸ್‌ಆರ್‌ಟಿಎಂ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ರ ಜೋಡಿ ಚಿತ್ರಗಳಿಂದ ಮಾಡಿದ ನಮ್ಮ ಕಾರ್ಟೊಡೆಮ್. ಜರ್ಮನಿಯ ಟ್ಯಾಂಡೆಮ್-ಎಕ್ಸ್ ರೇಡಾರಿನಿಂದ ಬಂದ ಕೊಪರ್ನಿಕಸ್. ಮೂರರಲ್ಲೂ ಒಂದು ಚೌಕ ಸುಮಾರು 30 ಮೀಟರ್.

ಮೂವತ್ತು ಮೀಟರ್ ಎಂದರೆ ಏನು ಎಂದು ಯಾಣವನ್ನು ನೆನೆದುಕೊಂಡರೆ ತಿಳಿಯುತ್ತದೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ನೆಟ್ಟಗೆ ನಿಂತ ಕಲ್ಲು. 30 ಮೀಟರಿನ ಚೌಕಗಳಲ್ಲಿ ಅದು ನೆಟ್ಟಗೆ ನಿಲ್ಲಲು ಸಾಧ್ಯವೇ ಇಲ್ಲ. ಸುತ್ತಲಿನ ನೆಲದ ಜೊತೆ ಸರಾಸರಿಯಾಗಿ ಗುಡ್ಡದ ಹಾಗೆ ಇಳಿಯುತ್ತದೆ. ಯಾಣದಂಥ ಬಂಡೆಗೇ ಹೀಗಾದರೆ ಹತ್ತು ಮೀಟರಿನ ಬಂಡೆ ಕಡಿತದ ಪಾಡೇನು? ಅದು ಒಂದೇ ಚೌಕದ ಒಳಗೆ ಕರಗಿಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಮರದ್ದು. ಕಾರ್ಟೊಸ್ಯಾಟ್ ನೋಡಿದ್ದು ಎಲೆಯ ಮೇಲ್ಮೈಯನ್ನು. ಟ್ಯಾಂಡೆಮ್-ಎಕ್ಸ್ ರೇಡಾರಿನ ಅಲೆಯ ಉದ್ದ ಮೂರು ಸೆಂಟಿಮೀಟರ್. ಅದು ಎಲೆಗೆ ತಾಗಿ ಮೇಲಿನಿಂದಲೇ ವಾಪಸ್ ಹೋಗುತ್ತದೆ. ಎಸ್‌ಆರ್‌ಟಿಎಂ ಅಲೆ ಸ್ವಲ್ಪ ಒಳಗೆ ಇಳಿಯುತ್ತದೆ, ನೆಲದವರೆಗೆ ಅಲ್ಲ. ಅಂದರೆ ನಾವು ನೆಲ ಎಂದುಕೊಂಡು ನೋಡುತ್ತಿರುವುದು ಮರದ ನೆತ್ತಿ. ಬೇಣ ಮುಗಿದು ಕಾನು ಶುರುವಾಗುವ ಅಂಚಿನಲ್ಲಿ ನೆಲ ಸಪಾಟಾಗಿದ್ದರೂ ನಕ್ಷೆಯಲ್ಲಿ ಇಪ್ಪತ್ತು ಮೀಟರಿನ ಏರು ಬರುತ್ತದೆ. ಇದು ಸುಳ್ಳು ಏರು, ಇದರಿಂದ ಅಷ್ಟೇನೂ ಹಾನಿಯಿಲ್ಲ. ಅಪಾಯ ಇರುವುದು ಇದರ ತಿರುವುಮುರುವಿನಲ್ಲಿ. ಹಳ್ಳದ ಕೊರಕಲಿನಲ್ಲಿ ನೀರು, ಗೊಬ್ಬರ ಸಿಕ್ಕಿ ಮರ ಎತ್ತರ ಬೆಳೆಯುತ್ತದೆ. ದಿಬ್ಬದ ಮೇಲೆ ಗಾಳಿಗೆ, ಕಲ್ಲಿಗೆ ಮರ ಗಿಡ್ಡ. ಮೇಲಿನಿಂದ ನೋಡಿದರೆ ಎರಡರ ನೆತ್ತಿಯೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ಕೊರಕಲು ತುಂಬಿದ ಹಾಗಾಯಿತು, ಇಳಿಜಾರು ಮೆದುವಾದ ಹಾಗಾಯಿತು. ನಾವು ನಾಲ್ಕು ಜನ ಸಿಕ್ಕಿಬಿದ್ದದ್ದು ಇಂಥ ಜಾಗದಲ್ಲೇ.

ಅವತ್ತು ನಾನು ಬಳಸಿದ್ದು ಜಪಾನಿನ ರೇಡಾರ್ ಅಲೋಸ್ ಪಾಲ್ಸಾರ್ ಹೆಸರಿನಲ್ಲಿ ಸಿಗುವ 12.5 ಮೀಟರಿನ ನಕ್ಷೆ. 30ಕ್ಕಿಂತ 12.5 ಒಳ್ಳೆಯದಲ್ವಾ ಎಂದು ನಂಬಿದ್ದೆ. ಆಮೇಲೆ ತಿಳಿಯಿತು. ನಮ್ಮ ಭಾಗಕ್ಕೆ ಅದರೊಳಗಿರುವುದು ಅದೇ ಎಸ್‌ಆರ್‌ಟಿಎಂ ಎತ್ತರ. ಸಣ್ಣ ಚೌಕಗಳಾಗಿ ಕತ್ತರಿಸಿ ಕೊಟ್ಟಿದ್ದಾರೆ ಅಷ್ಟೇ. ಅದನ್ನು ಮಾಡಿದ್ದು ರೇಡಾರ್ ಚಿತ್ರ ಸರಿಪಡಿಸಲು. ದಾರಿ ಹಾಕಲು ಅಲ್ಲ. ಈಗಲೂ ಬಹಳ ವರದಿಗಳಲ್ಲಿ ಇದನ್ನು ಹೆಚ್ಚು ಸೂಕ್ಷ್ಮ ನಕ್ಷೆ ಎಂದು ಬರೆಯುವುದನ್ನು ನೋಡುತ್ತೇನೆ. ದಯವಿಟ್ಟು ಬಿಡಿ.

ಹಾಗಾದರೆ ಯಾವುದು? ವಿದ್ಯಾರ್ಥಿಗಳಿಗೆ ನಾನು ಫ್ಯಾಬ್‌ಡೆಮ್ ಹೇಳುತ್ತೇನೆ. ಕೊಪರ್ನಿಕಸ್ ನಕ್ಷೆಯಿಂದ ಮರದ ಎತ್ತರವನ್ನೂ ಕಟ್ಟಡವನ್ನೂ ಲೆಕ್ಕ ಹಾಕಿ ಕಳೆದು ಮಾಡಿದ್ದು. ಬ್ರಿಸ್ಟಲ್ ವಿಶ್ವವಿದ್ಯಾಲಯದವರ ಕೆಲಸ. ವ್ಯಾಪಾರಕ್ಕಲ್ಲದಿದ್ದರೆ ಉಚಿತ. ಚೌಕ ಇದರಲ್ಲೂ ಮೂವತ್ತೇ ಮೀಟರ್, ಬಂಡೆ ಇದರಲ್ಲೂ ಕಾಣುವುದಿಲ್ಲ. ಆದರೆ ಕೊರಕಲು ಸ್ವಲ್ಪ ಕೊರಕಲಿನ ಹಾಗೆ ಕಾಣುತ್ತದೆ. ಯಾವುದನ್ನೇ ತೆಗೆದುಕೊಳ್ಳಿ, ಈ ನಕ್ಷೆ 20 ಡಿಗ್ರಿ ದಾಟಿದರೆ ನಾನು ಅಲ್ಲಿಗೆ ಗೆರೆ ಎಳೆಯುವುದಿಲ್ಲ. 25 ಎಂದು ತೋರಿಸಿದ ಕಡೆ 40 ಇರುವುದನ್ನು ಕಣ್ಣಾರೆ ನೋಡಿದ್ದೇನೆ.

ರೇಡಾರ್

ಮೋಡದ ಕಾಲದಲ್ಲೂ ನೋಡಬಲ್ಲದು ರೇಡಾರ್ ಒಂದೇ. ಸೆಂಟಿನೆಲ್-1 ಉಚಿತ. ಹೊಳೆ ಉಕ್ಕಿ ಗದ್ದೆಗೆ ನುಗ್ಗಿದ್ದು, ದೊಡ್ಡ ಕುಸಿತ, ಇವು ಮಳೆಯ ನಡುವೆಯೂ ಗೊತ್ತಾಗುತ್ತವೆ. ಆದರೆ ಅದು ಓರೆಯಾಗಿ ನೋಡುತ್ತದೆ. ಘಟ್ಟದ ಒಂದು ಮೈ ಮಡಚಿದ ಹಾಗೆ ಬರುತ್ತದೆ, ಇನ್ನೊಂದು ಮೈ ನೆರಳಿಗೆ ಬೀಳುತ್ತದೆ. ಎಲೆ ದಾಟಿ ಒಳಗೂ ಹೋಗುವುದಿಲ್ಲ. ಓದಲು ಅಭ್ಯಾಸ ಬೇಕು. ಮೊದಲ ಸಲ ಸರ್ವೆಗೆ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನೈಸಾರ್ ರೇಡಾರ್ ಉಪಗ್ರಹದ ಬಗ್ಗೆ ಮಾತ್ರ ನನಗೆ ಆಸೆ ಇದೆ. ನಾಸಾ ಮತ್ತು ಇಸ್ರೊ ಸೇರಿ ಮಾಡಿದ್ದು. ಅದರ ಎಲ್-ಬ್ಯಾಂಡ್ ಅಲೆ 24 ಸೆಂಟಿಮೀಟರ್ ಉದ್ದ. ಎಲೆಯನ್ನು ದಾಟಿ ಕೊಂಬೆ, ಕಾಂಡದವರೆಗೆ ಹೋಗುತ್ತದೆ. ಮರದ ಬುಡದಲ್ಲಿ ನೀರು ನಿಂತಿದ್ದರೆ ಅಲೆ ನೀರಿಗೊಮ್ಮೆ, ಕಾಂಡಕ್ಕೊಮ್ಮೆ ತಾಗಿ ಜೋರಾಗಿ ವಾಪಸ್ ಬರುತ್ತದೆ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ಇರುವ ರಾಮಪತ್ರೆ ಜಡ್ಡಿಗಳನ್ನು ಯೋಚಿಸಿ. ಮೇಲಿನಿಂದ ಸಾದಾ ಕಾನು, ಕೆಳಗೆ ಸೊಂಟದವರೆಗೆ ಹೂಳುವ ಕೆಸರು. ನಡೆಯುವವರಿಗೂ ಅಪಾಯ, ನಮ್ಮ ಕಾಲ್ತುಳಿತದಿಂದ ಆ ಬೇರುಗಳಿಗೂ ಅಪಾಯ. ಜಡ್ಡಿಗಳು ಬಹಳ ಕಿರಿದು, ಒಂದು ಹಳ್ಳದ ಅಗಲದ್ದೂ ಇರುತ್ತವೆ. ಹಾಗಾಗಿ ಎಲ್ಲವೂ ಸಿಗುವುದಿಲ್ಲ. ದೊಡ್ಡವು ಸಿಕ್ಕರೂ ಸಾಕು.

ಡ್ರೋನ್

ಡ್ರೋನ್ ತಂದರೆ ಎಲ್ಲ ಕಾಣುತ್ತದೆ ಎನ್ನುವ ನಂಬಿಕೆ ಬಹಳ ಜನರಲ್ಲಿದೆ. ಕರಾವಳಿಯ ಕುರುಚಲು ಗುಡ್ಡದಲ್ಲಿ, ಎಲೆ ಉದುರಿದ ತೇಗದ ಕಾಡಿನಲ್ಲಿ ಹೌದು. ಅಲ್ಲಿ ಒಂದು ಬೆಳಗ್ಗೆಯ ಹಾರಾಟದಲ್ಲಿ ಕಾಲುದಾರಿ, ಆನೆ ಕಂದಕ, ಮುರಿದ ಸಂಕ, ಬೇಲಿ ಎಲ್ಲ ಸಿಗುತ್ತವೆ. ಕಾನಿನ ಮೇಲೆ ಹಾರಿಸಿದರೆ ಸಿಗುವುದು ಮರದ ನೆತ್ತಿಯ ಬಹಳ ಸುಂದರ ಚಿತ್ರ. ಉಪಗ್ರಹಕ್ಕೆ ಕಾಣದ ನೆಲ ಡ್ರೋನ್ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅಪ್ಪೆಮಿಡಿ ಸಮಿತಿಯವರಿಗೆ ನಾನು ಹೇಳಿದ್ದು ಇದನ್ನೇ. ಹೂ ಬಿಟ್ಟ ಕಾಲದಲ್ಲಿ ಮರ ಗುರುತಿಸಲು ಡ್ರೋನ್ ತನ್ನಿ, ಬೇಡ ಎನ್ನುವುದಿಲ್ಲ. ಮರದ ಹತ್ತಿರ ಹೋಗುವ ದಾರಿಯನ್ನು ಅದರಿಂದ ಹುಡುಕಬೇಡಿ.

ಅನುಮತಿ ವಿಷಯದಲ್ಲಿ ಸಡಿಲ ಬೇಡ. 2021ರ ಡ್ರೋನ್ ನಿಯಮದ ಪ್ರಕಾರ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಿಯೇ ಹಾರಿಸಬೇಕು. ಹಸಿರು ವಲಯದಲ್ಲೂ 120 ಮೀಟರ್ ದಾಟುವ ಹಾಗಿಲ್ಲ. ಕಾರವಾರದಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರ ಇದೆ. ಆ ಸುತ್ತಮುತ್ತ ಡ್ರೋನಿನ ಯೋಚನೆಯನ್ನೇ ಬಿಟ್ಟು ಬೇರೆ ದಾರಿ ನೋಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗೇ ಇಲ್ಲ.

ಇನ್ನು ಹೆಜ್ಜೇನು. ದೊಡ್ಡ ಬಂಡೆ, ಎತ್ತರದ ಮರಗಳಲ್ಲಿ ಗೂಡು ತೂಗುತ್ತಿರುತ್ತದೆ. ಡ್ರೋನ್ ಹತ್ತಿರ ಹೋಗಿ ಕೆಣಕಿದರೆ ಏಟು ತಿನ್ನುವುದು ಕೆಳಗೆ ನಿಂತ ಮನುಷ್ಯ. ಹಾರಿಸುವ ಮೊದಲು ದುರ್ಬೀನು ಹಿಡಿದು ಬಂಡೆ ನೋಡಿ. ಮಂಗಟ್ಟೆ ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಅವುಗಳ ಮರದ ಹತ್ತಿರವೂ ಬೇಡ.

ಲೈಡಾರ್

ಈ ಎಲ್ಲದರಲ್ಲಿ ಕಾನಿನ ನೆಲವನ್ನು ನಿಜವಾಗಿ ತೋರಿಸುವುದು ಲೈಡಾರ್ ಮಾತ್ರ. ಲಕ್ಷಾಂತರ ಲೇಸರ್ ಮಿಡಿತಗಳನ್ನು ಕೆಳಗೆ ಬಿಡುತ್ತದೆ. ಹೆಚ್ಚಿನವು ಎಲೆಗೆ ತಾಗುತ್ತವೆ. ಎಲೆಗಳ ಸಂದಿಯಲ್ಲಿ ನುಸುಳಿದ ಕೆಲವು ನೆಲ ಮುಟ್ಟಿ ಬರುತ್ತವೆ. ಆ ಕೆಲವನ್ನೇ ಆರಿಸಿ ಜೋಡಿಸಿದರೆ ಒಂದು ಮೀಟರ್ ಚೌಕದ ನಕ್ಷೆ ಆಗುತ್ತದೆ. ಬಂಡೆ ಕಡಿತ, ಹಳೆಯ ಕೂಪು ರಸ್ತೆ, ಕಾಲುವೆ, ಹಳೆಯ ಕುಸಿತದ ಮಡಿಕೆ, ಎಲ್ಲ ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಕಾಡನ್ನು ಎತ್ತಿ ಪಕ್ಕಕ್ಕಿಟ್ಟು ನೆಲ ತೋರಿಸಿದ ಹಾಗಿತ್ತು.

ಖರ್ಚು ಲಕ್ಷಗಳ ಲೆಕ್ಕದ್ದು. ಆದ್ದರಿಂದ ಕೊಡುವ ಮೊದಲು ಸರಿಯಾದ ಪ್ರಶ್ನೆ ಕೇಳಿ. "ಒಂದು ಚದರ ಮೀಟರಿಗೆ ಎಷ್ಟು ಬಿಂದು" ಎಂದರೆ ದೊಡ್ಡ ಸಂಖ್ಯೆ ಹೇಳುತ್ತಾರೆ. ಅದರಲ್ಲಿ ಬಹುಪಾಲು ಎಲೆಯದ್ದು. "ದಟ್ಟ ಕಾನಿನಲ್ಲಿ ನೆಲದ ಬಿಂದು ಎಷ್ಟು ಸಿಗುತ್ತದೆ" ಎಂದು ಕೇಳಿ, ಅದನ್ನು ಕರಾರಿನಲ್ಲಿ ಬರೆಸಿ. ನೆಲ, ಎಲೆ ಬೇರೆ ಮಾಡಿದ ಕಡತವನ್ನೂ ಕೇಳಿ ತೆಗೆದುಕೊಳ್ಳಿ. ಬರೀ ಬಣ್ಣದ ಪಿಡಿಎಫ್ ಕೊಟ್ಟರೆ ಒಪ್ಪಬೇಡಿ. ಎಲೆ ಒದ್ದೆಯಿದ್ದಾಗ, ಕಣಿವೆಯಲ್ಲಿ ಮಂಜು ಇದ್ದಾಗ ಹಾರಿಸಬಾರದು. ಅಂದರೆ ಫೆಬ್ರುವರಿ, ಮಾರ್ಚ್.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತು ಪ್ಲಾಟಿನ ಹುಡುಗಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಟೊಪೊಶೀಟ್, ಗೂಗಲ್ ಅರ್ಥಿನ ಹಳೆಯ ಚಿತ್ರ, ಮಳೆಗೆ ಹಿಂದಿನ ಮತ್ತು ನಂತರದ ಸೆಂಟಿನೆಲ್-2, ಫ್ಯಾಬ್‌ಡೆಮ್. ಪ್ಲಾಟುಗಳನ್ನು ಮೊದಲು ಕಂಪ್ಯೂಟರ್ ಆರಿಸಲಿ. ಆಮೇಲೆ ಕಡಿದಾದ ಕಡೆ ಬಿದ್ದದ್ದನ್ನು ಬೇರೆ ಕಡೆ ಹಾಕಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆದರಾಯಿತು. ಎಲ್ಲವನ್ನೂ ಕ್ಯೂಫೀಲ್ಡ್ ಆ್ಯಪ್‌ಗೆ ಹಾಕಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಎಲೆಯ ಕೆಳಗೆ ಜಿಪಿಎಸ್ ಹತ್ತು ಹದಿನೈದು ಮೀಟರ್ ತಪ್ಪಬಹುದು. ಬಂಡೆಯ ಅಂಚಿನಿಂದ ಅಷ್ಟು ದೂರ ಇಟ್ಟುಕೊಂಡೇ ಗೆರೆ ಎಳೆಯಿರಿ.

ಪಂಚಾಯ್ತಿ ಸಮಿತಿಗೆ ಡ್ರೋನ್ ಬಾಡಿಗೆಯ ದುಡ್ಡಿನಲ್ಲಿ ದಾರಿ ಬಲ್ಲ ಇಬ್ಬರಿಗೆ ಹತ್ತು ದಿನದ ಕೂಲಿ ಕೊಡಿ ಎನ್ನುತ್ತೇನೆ. ಅಂಕೋಲಾ ಕಡೆ ಹಾಲಕ್ಕಿಗಳು, ಜೋಯಿಡಾದಲ್ಲಿ ಕುಣಬಿಗಳು, ಯಲ್ಲಾಪುರ ಹಳಿಯಾಳದಲ್ಲಿ ಸಿದ್ದಿಗಳು, ದನ ಮೇಯಿಸುವ ಗೌಳಿಗಳು. ಅವರಿಗೆ ಗೂಗಲ್ ಚಿತ್ರ ದೊಡ್ಡದಾಗಿ ಅಚ್ಚು ಹಾಕಿಸಿ ತೋರಿಸಿ. ದನ ಎಲ್ಲಿ ಇಳಿಯುತ್ತದೆ, ಎಲ್ಲಿ ಇಳಿಯುವುದಿಲ್ಲ ಎಂದು ಕೇಳಿ ಗುರುತು ಹಾಕಿ. 30 ಮೀಟರಿನ ಯಾವ ನಕ್ಷೆಗಿಂತಲೂ ಅದು ನಂಬಿಕಸ್ಥ.

ಪೈಪ್‌ಲೈನಿನವರಿಗೆ ಲೈಡಾರ್ ಬೇಕು, ಆದರೆ ಇಡೀ ಉದ್ದಕ್ಕಲ್ಲ. ಮೊದಲು ಉಚಿತ ನಕ್ಷೆಗಳಿಂದ ಎರಡು ಮೂರು ದಾರಿ ಆರಿಸಿ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಕುಸಿತ ಸಾಧ್ಯತೆಯ ನಕ್ಷೆ ಭೂಸಂಕೇತ ತಾಣದಲ್ಲಿದೆ, ಅದರ ಮೇಲೆ ಇಟ್ಟು ನೋಡಿ. ಉಳಿದ ಒಂದು ದಾರಿಯಲ್ಲಿ ಘಟ್ಟ ಇಳಿಯುವ ಭಾಗಕ್ಕೆ ಮಾತ್ರ ಲೈಡಾರ್ ಹಾರಿಸಿ. ನೂರು ಜನ ತಿಂಗಳುಗಟ್ಟಲೆ ಓಡಾಡುವ ಕೆಲಸ ಅದು. ಅಲ್ಲಿ ದುಡ್ಡು ಉಳಿಸುವುದು ಸರಿಯಲ್ಲ.

ಯಾವ ಚಿತ್ರವೂ ಹೇಳದ ಸಂಗತಿಗಳಿವೆ. ಮೋಡ ಇಲ್ಲದ, ದಾರಿ ಒಣಗಿದ ಡಿಸೆಂಬರ್‌ನಿಂದ ಮೇ ಎನ್ನುವುದೇ ಮಂಗನ ಕಾಯಿಲೆ ಹರಡುವ ಉಣುಗು ಜಾಸ್ತಿಯಾಗುವ ಕಾಲ. ಸಿದ್ದಾಪುರ, ಹೊನ್ನಾವರ ಕಡೆ ಹೋಗುವವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಎಂದು ಕೇಳದೆ ಕಾಡಿಗೆ ಇಳಿಯಬೇಡಿ. ಅಕ್ಟೋಬರ್‌ನಲ್ಲಿ ಹೋದರೆ ಉಣುಗು ಕಡಿಮೆ, ಉಂಬಳ (ಜಿಗಣೆ) ಜಾಸ್ತಿ, ಮಣ್ಣು ಒದ್ದೆ. ನಾನಾದರೆ ನವೆಂಬರ್ ಕೊನೆ ಆರಿಸುತ್ತೇನೆ. ಕದ್ರಾ ಕೆಳಗೆ ಕಾಳಿ, ಗೇರುಸೊಪ್ಪಾ ಕೆಳಗೆ ಶರಾವತಿ ದಾಟುವವರು ಅಣೆಕಟ್ಟಿನ ಕಚೇರಿಗೆ ಮೊದಲೇ ತಿಳಿಸಿ. ಕರೆಂಟಿಗಾಗಿ ನೀರು ಬಿಟ್ಟರೆ ಬೇಸಿಗೆಯಲ್ಲೂ ಹೊಳೆ ಏರುತ್ತದೆ. ಗಾಡಿಯನ್ನು ಕಡಿದ ಧರೆಯ ಕೆಳಗೆ ನಿಲ್ಲಿಸಬೇಡಿ. ದಾರಿಯ ಯೋಜನೆ ಗಾಡಿ ನಿಲ್ಲಿಸುವ ಜಾಗದಿಂದಲೇ ಶುರುವಾಗಬೇಕು.

ದಾರಿ ಇಲ್ಲದ ಕಾನಿನಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಎಂದೇ ನಾನು ಲೆಕ್ಕ ಹಾಕುವುದು. ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ತಿರುಗುತ್ತೇವೆ. ಹೊರಡುವ ಮೊದಲು ಕಾಡಿನಂಚಿನ ಕೊನೆಯ ಮನೆಯಲ್ಲಿ ಒಂದು ಚೀಟಿ ಕೊಡುತ್ತೇವೆ. ಎಷ್ಟು ಜನ, ಯಾವ ಹಳ್ಳದ ಗುಂಟ ಹೋಗುವುದು, ಯಾವ ಕಡೆಯಿಂದ ಹೊರಬರುವುದು, ಎಷ್ಟು ಗಂಟೆಯವರೆಗೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ವಾಪಸ್ ಬಂದಾಗ ಅದೇ ಮನೆಯಲ್ಲಿ ನಿಂತು, ಬಂದೆವು ಎಂದು ಹೇಳಿ, ಚೀಟಿ ಇಸಿದುಕೊಂಡು ಹೋಗುತ್ತೇವೆ.